112 ವರ್ಷ ಬದುಕಿದ್ದಾರೆ, ಅಷ್ಟಕ್ಕೇ ವಿಶ್ವಕೋಶದಲ್ಲಿ ಲೇಖನ ಬೇಕೇ?

ಹಳೆಕಡತ:
112ನೇ ವಯಸ್ಸಿನಲ್ಲಿ ತೀರಿಕೊಂಡ ಮಹಿಳೆಯೊಬ್ಬರ ಬಗ್ಗೆ ವಿಕಿಪೀಡಿಯದಲ್ಲಿ ಲೇಖನವಿದೆ. ಅದನ್ನು ಅಳಿಸಬೇಕು ಅನ್ನುವುದು ನನ್ನ ವಾದ. ಹೆಸರು ಇಲ್ಲಿ ಬೇಡ, ಮನೆಯವರು ಇದ್ದಾರೆ. ಲೇಖನದಲ್ಲಿ ಇರುವುದು ಹುಟ್ಟಿದ ದಿನ, ಮದುವೆಯಾದ ವರ್ಷ, ಮಕ್ಕಳು ಮೊಮ್ಮಕ್ಕಳ ಹೆಸರು, ಆಯುಸ್ಸಿನ ಗುಟ್ಟೇನು ಎಂದು ಪತ್ರಕರ್ತರು ಕೇಳಿದ್ದಕ್ಕೆ ಕೊಟ್ಟ ಒಂದು ಸಾಲಿನ ಉತ್ತರ, ಸತ್ತ ದಿನ. ಉಲ್ಲೇಖಗಳು ಎರಡೇ: ಒಂದು ಹುಟ್ಟುಹಬ್ಬದ ಸುದ್ದಿ, ಇನ್ನೊಂದು ನಿಧನವಾರ್ತೆ.

ಗಮನಾರ್ಹತೆಗೆ, ಅಂದರೆ ಯಾರ ಬಗ್ಗೆ ಲೇಖನ ಇರಬಹುದು ಅನ್ನುವುದಕ್ಕೆ, ವಿಕಿಪೀಡಿಯದ ಮಾನದಂಡ ಸರಳವಾಗಿದೆ. ವ್ಯಕ್ತಿಗೆ ಸಂಬಂಧವಿಲ್ಲದ, ನಂಬಲರ್ಹ ಮೂಲಗಳು ಅವರ ಬಗ್ಗೆ ವಿವರವಾಗಿ ಬರೆದಿರಬೇಕು. ಇಷ್ಟು ವರ್ಷ ದಾಟಿದರೆ ಲೇಖನ ಅಂತ ಎಲ್ಲೂ ಹೇಳಿಲ್ಲ. ವಿಶ್ವಕೋಶ ಸ್ಮಾರಕವಲ್ಲ ಅಂತ ಮಾತ್ರ ಸ್ಪಷ್ಟವಾಗಿ ಹೇಳಿದೆ. ನೀವೆಲ್ಲ ಏನಂತೀರಿ?

ಬೆಳದಿಂಗಳು:
ಉಳಿಸಬೇಕು. ನೂರು ದಾಟುವವರೇ ಕಡಿಮೆ, ಅದರಲ್ಲೂ ನೂರಾ ಹತ್ತು ದಾಟುವವರು ಬೆರಳೆಣಿಕೆ. 110 ಮುಟ್ಟಿದವರು ಮುಂದಿನ ಹುಟ್ಟುಹಬ್ಬ ನೋಡುವ ಸಾಧ್ಯತೆ ಸುಮಾರು ಅರ್ಧಕ್ಕರ್ಧ. ಆಮೇಲೂ ಪ್ರತಿವರ್ಷ ಹೆಚ್ಚುಕಮ್ಮಿ ಅಷ್ಟೇ. ಅಂಥ ಗಂಡಾಂತರವನ್ನು ಎರಡು ಸಲ ದಾಟಿದವರು ಇವರು. ಒಂದೇ ಒಂದು ಅಂತರರಾಷ್ಟ್ರೀಯ ಪಂದ್ಯದಲ್ಲಿ ಕೆಲವೇ ಹೊತ್ತು ಮೈದಾನಕ್ಕಿಳಿದ ಆಟಗಾರನಿಗೂ ಪುಟ ಇರುವುದುಂಟು. ಇಷ್ಟು ಅಪರೂಪದ ಬದುಕಿಗೆ ಒಂದು ಪುಟ ಕೊಡಲು ಯಾಕೆ ಇಷ್ಟು ಜಿಪುಣತನ?

ಹಳೆಕಡತ:
ಬೆಳದಿಂಗಳು ಅವರೇ, ಅಪರೂಪ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಅಪರೂಪವಾದದ್ದಕ್ಕೆಲ್ಲ ಲೇಖನ ಬರೆಯಲು ಆಗುವುದಿಲ್ಲ, ಬರೆಯುವುದಕ್ಕೆ ಸರಕು ಬೇಕು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳನ್ನೇ ನೋಡಿ. 1907ರಲ್ಲಿ ಹುಟ್ಟಿ 2019ರಲ್ಲಿ ಲಿಂಗೈಕ್ಯರಾದರು, 111 ವರ್ಷ. ಅವರು ಎಂಬತ್ತಕ್ಕೇ ಹೋಗಿದ್ದರೂ ಲೇಖನ ಇರುತ್ತಿತ್ತು, ಇದ್ದೇ ತೀರಬೇಕಿತ್ತು. ಫೌಜಾ ಸಿಂಗ್ ಕೂಡ ಹಾಗೆಯೇ. ನೂರನೇ ವಯಸ್ಸಿನಲ್ಲಿ ಟೊರಾಂಟೊ ಮ್ಯಾರಥಾನ್ ಓಡಿ ಮುಗಿಸಿದರು ಅಂತ 2011ರಲ್ಲಿ ಜಗತ್ತೇ ಬರೆಯಿತು. ಜನನ ಪ್ರಮಾಣಪತ್ರ ಇಲ್ಲದ್ದರಿಂದ ಗಿನ್ನೆಸ್ ಅದನ್ನು ದಾಖಲೆಯೆಂದು ಒಪ್ಪಲಿಲ್ಲ. ಆದರೂ ಅವರ ಲೇಖನಕ್ಕೆ ಧಕ್ಕೆಯಾಗಲಿಲ್ಲ, ಯಾಕೆಂದರೆ ಅದು ನಿಂತಿರುವುದು ಅವರ ಓಟದ ಮೇಲೆ.

ಜನಗಣತಿ_ಮೇಷ್ಟ್ರು:
ಇಬ್ಬರೂ ಒಂದು ಪ್ರಶ್ನೆಯನ್ನು ದಾಟಿ ಮುಂದೆ ಹೋಗಿದ್ದೀರಿ. ಆ 112 ನಿಜವೇ?

ವಯಸ್ಸಿನ ಹೇಳಿಕೆ ಬಹಳ ಜಾರುವ ವಿಷಯ. ಜನನ ನೋಂದಣಿ ಸಡಿಲವಾಗಿರುವ ಕಡೆ ಜನಗಣತಿಯ ಹಾಳೆಗಳನ್ನು ತೆಗೆದು ನೋಡಿ, 60, 65, 70, 75 ಅಂತ ಸೊನ್ನೆ ಮತ್ತು ಐದರಲ್ಲಿ ಮುಗಿಯುವ ವಯಸ್ಸುಗಳು ಗುಂಪುಗಟ್ಟಿರುತ್ತವೆ. ಹುಟ್ಟಿದ ವರ್ಷ ಗೊತ್ತಿಲ್ಲದವರು ಅಂದಾಜು ಹೇಳಿರುತ್ತಾರೆ, ಬರೆದುಕೊಳ್ಳುವವನೂ ಅಷ್ಟಕ್ಕೇ ಬಿಟ್ಟಿರುತ್ತಾನೆ. ಅರವತ್ತರಲ್ಲಿ ಐದು ವರ್ಷ ಹೆಚ್ಚು ಬರೆಸಿಕೊಂಡವರು ನೂರು ದಾಟಿದಾಗ ಆ ಐದು ವರ್ಷವೂ ಜೊತೆಗೇ ಬರುತ್ತದೆ. ಸುಳ್ಳು ಹೇಳುವ ಉದ್ದೇಶ ಯಾರಿಗೂ ಇರಬೇಕಿಲ್ಲ.

ಕಾಗದಪತ್ರ ಗಟ್ಟಿಯಾಗಿರುವ ದೇಶಗಳೂ ಇದಕ್ಕೆ ಹೊರತಲ್ಲ. 2010ರಲ್ಲಿ ಟೋಕಿಯೋದಲ್ಲಿ 111 ವರ್ಷದವರೆಂದು ದಾಖಲಾಗಿದ್ದ ಒಬ್ಬರನ್ನು ಅಧಿಕಾರಿಗಳು ನೋಡಲು ಹೋದರೆ, ಅವರು ಸತ್ತು ಮೂವತ್ತು ವರ್ಷವಾಗಿತ್ತು. ಆಮೇಲೆ ಇಡೀ ದೇಶದ ಕುಟುಂಬ ನೋಂದಣಿ ಪುಸ್ತಕಗಳನ್ನು ಜಾಲಾಡಿದಾಗ, ನೂರು ದಾಟಿದವರೆಂದು ಹೆಸರಿದ್ದೂ ಪತ್ತೆಯೇ ಇಲ್ಲದವರು 2 ಲಕ್ಷ 30 ಸಾವಿರಕ್ಕೂ ಹೆಚ್ಚು. ಸಂಶೋಧಕ ಸಾಲ್ ನ್ಯೂಮನ್ ಅಮೆರಿಕದ ಅಂಕಿಅಂಶಗಳನ್ನು ನೋಡಿ ಇನ್ನೊಂದು ಮಾತು ಹೇಳಿದರು: ರಾಜ್ಯಗಳು ಜನನ ಪ್ರಮಾಣಪತ್ರವನ್ನು ಜಾರಿಗೆ ತಂದ ಮೇಲೆ 110 ದಾಟಿದವರ ದಾಖಲೆಗಳು ಶೇ. 69ರಿಂದ 82ರಷ್ಟು ಇಳಿದವು. ದೀರ್ಘಾಯುಷ್ಯದ ಸಂಶೋಧಕರಲ್ಲಿ ಇದನ್ನು ಒಪ್ಪದವರೂ ಇದ್ದಾರೆ. ಆದರೆ ಹುಟ್ಟುಹಬ್ಬದ ಸುದ್ದಿ ಬರೆದ ವರದಿಗಾರ ಇದ್ಯಾವುದನ್ನೂ ನೋಡಿರುವುದಿಲ್ಲ. ಮನೆಯವರು ಹೇಳಿದ್ದನ್ನು ಬರೆದಿರುತ್ತಾನೆ.

ಬೆಳದಿಂಗಳು:
ಮೇಷ್ಟ್ರೇ, ಹಾಗಾದರೆ ಥಾಮಸ್ ಪಾರ್ ಕಥೆ ಏನು? 152 ವರ್ಷ ಅಂತ ಹೇಳಿಕೊಂಡಿದ್ದ ಇಂಗ್ಲೆಂಡಿನ ಮನುಷ್ಯ. 1635ರಲ್ಲಿ ಲಂಡನ್ನಿಗೆ ಕರೆತಂದು ರಾಜ ಒಂದನೇ ಚಾರ್ಲ್ಸ್‌ಗೆ ತೋರಿಸಿದರು, ಅದೇ ವರ್ಷ ಸತ್ತ. ಆ ವಯಸ್ಸನ್ನು ಇವತ್ತು ಯಾರೂ ನಂಬುವುದಿಲ್ಲ. ಆದರೂ ಅವನಿಗೆ ಲೇಖನವಿದೆ. ಸುಳ್ಳು ವಯಸ್ಸಿನವನು ಒಳಗೆ, ಪ್ರಾಮಾಣಿಕವಾಗಿ ಬದುಕಿದ ಅಜ್ಜಿ ಹೊರಗೆ. ಇದು ಯಾವ ನ್ಯಾಯ ಹೇಳಿ.

ಜನಗಣತಿ_ಮೇಷ್ಟ್ರು:
ಒಳ್ಳೆಯ ಪ್ರಶ್ನೆ, ನನ್ನ ಮಾತಿಗೆ ಬೇಕಾಗಿದ್ದ ಉದಾಹರಣೆಯೇ ಸಿಕ್ಕಿತು. ಪಾರ್ ಸತ್ತ ಮೇಲೆ ಅವನ ದೇಹವನ್ನು ಕೊಯ್ದು ಪರೀಕ್ಷಿಸಿದ್ದು ವಿಲಿಯಂ ಹಾರ್ವೆ, ರಕ್ತ ಪರಿಚಲನೆಯನ್ನು ವಿವರಿಸಿದ ಅದೇ ಹಾರ್ವೆ. ಹೂಳಿದ್ದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ. ಆ ಕಾಲದ ಜನ ಅವನನ್ನು ನಂಬಿದರು, ಬರೆದರು. ಮುಂದಿನ ತಲೆಮಾರಿನವರು ಅನುಮಾನಪಟ್ಟು ಮತ್ತೆ ಬರೆದರು. ವಯಸ್ಸು ಸುಳ್ಳಾದರೂ ಅವನ ಸುತ್ತ ನಡೆದದ್ದೆಲ್ಲ ನಿಜ, ಎಲ್ಲಕ್ಕೂ ದಾಖಲೆಯಿದೆ. ಲೇಖನ ನಿಂತಿರುವುದು ಅದರ ಮೇಲೆ. ನಮ್ಮ ಅಜ್ಜಿಯ ವಯಸ್ಸು ನಿಜವೇ ಇದ್ದರೂ ಅದರ ಸುತ್ತ ಯಾರೂ ಏನನ್ನೂ ವಿಚಾರಿಸಿ ಬರೆದಿಲ್ಲ.

ನಿಜವಾದ ವಯಸ್ಸಿನ ಕಡೆಯಿಂದ ನೋಡುವುದಾದರೆ ಜೀನ್ ಕಾಲ್ಮಾಂ. ಫ್ರಾನ್ಸಿನ ಆರ್ಲ್ ಊರಿನವರು, 1875ರ ಫೆಬ್ರವರಿ 21ರಂದು ಹುಟ್ಟಿ 1997ರ ಆಗಸ್ಟ್ 4ರಂದು ತೀರಿಕೊಂಡರು, 122 ವರ್ಷ 164 ದಿನ. ಮಿಶೆಲ್ ಅಲಾರ್, ಜಾಂ-ಮಾರಿ ರೋಬಿನ್ ಎಂಬ ಸಂಶೋಧಕರು ಅವರನ್ನು ಮಾತಾಡಿಸಿ, ಜನನ ದಾಖಲೆ, ಜನಗಣತಿ ಹಾಳೆಗಳನ್ನೆಲ್ಲ ತಾಳೆ ನೋಡಿದರು. 2018ರಲ್ಲಿ ರಷ್ಯಾದ ಇಬ್ಬರು ಇದನ್ನೇ ಪ್ರಶ್ನಿಸಿದರು: 1934ರಲ್ಲಿ ಸತ್ತದ್ದು ಮಗಳು ಇವೋನ್ ಅಲ್ಲ, ತಾಯಿ, ಮಗಳೇ ತಾಯಿಯ ಹೆಸರಿನಲ್ಲಿ ಬದುಕಿದಳು ಅಂತ. ಮರುವರ್ಷ ರೋಬಿನ್ ತಂಡ ದಾಖಲೆಗಳನ್ನು ಮುಂದಿಟ್ಟು ಉತ್ತರ ಬರೆಯಿತು. ಎರಡೂ ಕಡೆಯವರು ಬರೆದದ್ದನ್ನು ಓದಿದರೆ ಒಂದು ವಯಸ್ಸನ್ನು ಹೇಗೆ ಪರೀಕ್ಷಿಸಬೇಕು ಅನ್ನುವುದೇ ಗೊತ್ತಾಗುತ್ತದೆ. ಓದುಗನಿಗೆ ವಿಶ್ವಕೋಶದಿಂದ ಸಿಗಬೇಕಾದದ್ದು ಇದು.

ನಡುಮನೆ:
ಕಾಲ್ಮಾಂ ಲೇಖನ ಓದಿದ್ದೇನೆ. ತೊಂಬತ್ತರ ವಯಸ್ಸಿನಲ್ಲಿ, 1965ರಲ್ಲಿ, ತಾವಿದ್ದ ಮನೆಯನ್ನು ಒಬ್ಬ ನೋಟರಿಗೆ ಬರೆದುಕೊಟ್ಟರು. ಬದುಕಿರುವಷ್ಟು ಕಾಲ ತಿಂಗಳಿಗೆ 2,500 ಫ್ರಾಂಕ್ ಕೊಡಬೇಕು, ಸತ್ತ ಮೇಲೆ ಮನೆ ಅವನದು ಅನ್ನುವ ಕರಾರು. ಮೂವತ್ತು ವರ್ಷ ಕೊಟ್ಟು 1995ರಲ್ಲಿ ಆ ನೋಟರಿಯೇ ತೀರಿಕೊಂಡ, ಹೆಂಡತಿ ಕಂತು ಮುಂದುವರಿಸಿದಳು. ದೀರ್ಘಾಯುಷ್ಯ ಅಂದರೆ ಬರೀ ಅಂಕಿಯಲ್ಲ, ಸುತ್ತಲಿನವರ ಲೆಕ್ಕಾಚಾರವನ್ನೆಲ್ಲ ತಲೆಕೆಳಗು ಮಾಡುತ್ತದೆ ಅಂತ ನನಗೆ ಅರ್ಥವಾದದ್ದು ಅಲ್ಲಿಯೇ.

ನನ್ನ ಸಲಹೆ, ವಿಲೀನ ಮಾಡಿ. ಅತಿ ಹೆಚ್ಚು ಕಾಲ ಬದುಕಿದವರ ಪಟ್ಟಿ ಹೇಗೂ ಇದೆ. ದಾಖಲೆ ಪರಿಶೀಲನೆ ಆಗಿದ್ದರೆ ಅಲ್ಲಿ ಒಂದು ಸಾಲು ಸೇರಲಿ, ಹೆಸರು ಹುಡುಕಿದವರು ಅಲ್ಲಿಗೆ ಹೋಗುವಂತಾಗಲಿ.

ಬೆಳದಿಂಗಳು:
ಪಟ್ಟಿಯ ಸಾಲಿನಲ್ಲಿ ಮನುಷ್ಯ ಕಾಣುವುದಿಲ್ಲ ನಡುಮನೆಯವರೇ. ರ‍್ಯಾಂಕು, ಹೆಸರು, ದೇಶ, ದಿನಗಳ ಲೆಕ್ಕ, ಅಷ್ಟೇ. ಎರಡು ಮಹಾಯುದ್ಧಗಳ ಕಾಲವನ್ನು ಕಣ್ಣಾರೆ ಕಂಡವರು ಅವರು. ವಿಶ್ವಕೋಶಗಳಲ್ಲಿ ರಾಜರು, ಸೇನಾಪತಿಗಳು, ಮಂತ್ರಿಗಳೇ ತುಂಬಿರುವಾಗ ಸಾಮಾನ್ಯ ಹೆಂಗಸೊಬ್ಬಳು ಒಳಗೆ ಬರುವುದಕ್ಕೆ ಇರುವ ಕೆಲವೇ ಬಾಗಿಲುಗಳಲ್ಲಿ ಇದೂ ಒಂದು. ಅದನ್ನೂ ಮುಚ್ಚಬೇಡಿ ಅಂತ ನನ್ನ ಕಳಕಳಿ.

ಸಂಪಿಗೆ_ಮರ:
ಬೆಳದಿಂಗಳು ಮೇಡಂ, ನಿಮ್ಮ ಕಳಕಳಿ ನನ್ನದೂ ಹೌದು. ಆದರೆ ಆ ಬಾಗಿಲಿನಿಂದ ಒಳಗೆ ಬರುತ್ತೇನೆ ಅಂತ ಆ ಹೆಂಗಸು ಹೇಳಿದ್ದರೇ? ಇಲ್ಲಿ ಯಾರೂ ಕೇಳದೇ ಇರುವುದು ಅದನ್ನೇ.

ನಾನು ವಯಸ್ಸಾದವರ ಆರೈಕೆಯ ಕೆಲಸದಲ್ಲಿದ್ದೇನೆ. ನೂರು ದಾಟಿದವರ ಹುಟ್ಟುಹಬ್ಬಕ್ಕೆ ಕ್ಯಾಮೆರಾ ಬರುತ್ತದೆ. ಅವರಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ, ಬೆಳಕು ಕಣ್ಣಿಗೆ ಹೊಡೆಯುತ್ತದೆ. ಮೈಕು ಹಿಡಿದು ಗುಟ್ಟೇನು ಅಂತ ಕೂಗಿ ಕೇಳುತ್ತಾರೆ. ಪಕ್ಕದಲ್ಲಿರುವ ಮಗಳೋ ಸೊಸೆಯೋ ಏನೋ ಹೇಳುತ್ತಾರೆ, ಅಜ್ಜಿ ತಲೆಯಾಡಿಸುತ್ತಾರೆ, ಮರುದಿನ ಅದು ಅಜ್ಜಿಯ ಮಾತಾಗಿ ಅಚ್ಚಾಗುತ್ತದೆ. ಈ ಲೇಖನದಲ್ಲಿರುವ ಒಂದು ಸಾಲಿನ ಉತ್ತರವೂ ಹಾಗೆ ಬಂದದ್ದಲ್ಲ ಅಂತ ಯಾರಾದರೂ ಖಾತರಿ ಕೊಡುತ್ತೀರಾ?

ಹೆಂಡ್ರಿಕ್ಯೆ ವಾನ್ ಆಂಡೆಲ್-ಸ್ಖಿಪರ್ ಅಂತ ನೆದರ್‌ಲ್ಯಾಂಡ್ಸ್‌ನಲ್ಲಿ ಒಬ್ಬರಿದ್ದರು. 1890ರಲ್ಲಿ ಹುಟ್ಟಿ 2005ರಲ್ಲಿ, 115ನೇ ವಯಸ್ಸಿನಲ್ಲಿ ಹೋದರು. ಎಂಬತ್ತೆರಡನೇ ವಯಸ್ಸಿನಲ್ಲೇ ದೇಹವನ್ನು ವಿಜ್ಞಾನಕ್ಕೆ ಬರೆದುಕೊಟ್ಟಿದ್ದರು. ನೂರಾ ಹನ್ನೊಂದಾದಾಗ, ಇಷ್ಟು ಮುದಿಯಾದ ದೇಹ ನಿಮಗೆ ಇನ್ನೂ ಉಪಯೋಗಕ್ಕೆ ಬರುತ್ತದೆಯೇ ಅಂತ ತಾವೇ ವಿಶ್ವವಿದ್ಯಾಲಯಕ್ಕೆ ಫೋನು ಮಾಡಿ ಕೇಳಿದರು. ಪರೀಕ್ಷಿಸಿದಾಗ ಮಿದುಳಿನಲ್ಲಿ ಆಲ್‌ಝೈಮರ್‌ನ ಗುರುತೇ ಇರಲಿಲ್ಲ. ಅವರ ರಕ್ತದ ಬಿಳಿಕಣಗಳಲ್ಲಿ ಬಹುಪಾಲು ಕೊನೆಗೆ ಎರಡೇ ಕಾಂಡಕೋಶಗಳಿಂದ (ರಕ್ತಕಣಗಳನ್ನು ಹುಟ್ಟಿಸುವ ಮೂಲ ಜೀವಕೋಶಗಳಿಂದ) ಬರುತ್ತಿದ್ದವು ಅಂತ 2014ರಲ್ಲಿ ಪ್ರಕಟವಾಯಿತು. ಇಲ್ಲಿ ವ್ಯಕ್ತಿ ತಾವಾಗಿ ಒಪ್ಪಿದ್ದಾರೆ, ಅವರಿಂದ ಜಗತ್ತು ಏನೋ ಕಲಿತಿದೆ. ಇವರಿಗೆ ಪೂರ್ತಿ ಪುಟ ಕೊಡಿ, ನಾನೇ ಕೂತು ಬರೆಯುತ್ತೇನೆ.

ಹಳೆಕಡತ:
ಸಂಪಿಗೆಯವರ ಮಾತಿಗೆ ಇನ್ನೊಂದು ಸೇರಿಸುತ್ತೇನೆ. 'ಬದುಕಿರುವವರಲ್ಲಿ ಜಗತ್ತಿನಲ್ಲೇ ಹಿರಿಯರು' ಅನ್ನುವ ಪಟ್ಟವೂ ಬಹಳ ಕಾಲ ಒಬ್ಬರ ಬಳಿ ನಿಲ್ಲುವುದಿಲ್ಲ. 2023ರ ಜನವರಿಯಿಂದ 2025ರ ಏಪ್ರಿಲ್ ಒಳಗೆ ಲ್ಯುಸಿಲ್ ರಾಂದೋಂ, ಮರಿಯಾ ಬ್ರಾನ್ಯಾಸ್, ಟೊಮಿಕೊ ಇಟೊಒಕಾ, ಇನಾ ಕನಬಾರೊ ಲೂಕಾಸ್ ಒಬ್ಬರಾದ ಮೇಲೊಬ್ಬರು ತೀರಿಕೊಂಡು, ಪಟ್ಟ ಇಂಗ್ಲೆಂಡಿನ ಎಥೆಲ್ ಕೇಟರ್‌ಹ್ಯಾಮ್ ಅವರಿಗೆ ಬಂತು. ಇವರ ಬಗ್ಗೆ ಹಲವು ದೇಶಗಳ ಪತ್ರಿಕೆಗಳು ವಿಸ್ತಾರವಾಗಿ ಬರೆದಿವೆ, ಬ್ರಾನ್ಯಾಸ್ ಅವರ ವಂಶವಾಹಿಗಳ ಅಧ್ಯಯನವೇ ಪ್ರಕಟವಾಗಿದೆ. ಇಂಥವರ ಲೇಖನಗಳಿಗೆ ನನ್ನ ತಕರಾರಿಲ್ಲ. ನಮ್ಮ ಚರ್ಚೆಯಲ್ಲಿರುವವರು ಆ ಪಟ್ಟದ ಹತ್ತಿರಕ್ಕೂ ಬಂದವರಲ್ಲ.

ನಡುಮನೆ:
ಹಾಗಾದರೆ ಗೆರೆ ಎಲ್ಲಿ? 115ಕ್ಕೆ ಹೌದು, 112ಕ್ಕೆ ಇಲ್ಲ ಅಂತ ವಯಸ್ಸಿನ ಮಿತಿ ಹಾಕೋಣವೇ? ಜಗಳ ಅಲ್ಲಿಗೆ ಮುಗಿಯುತ್ತದಲ್ಲ.

ಜನಗಣತಿ_ಮೇಷ್ಟ್ರು:
ಬೇಡ. ಮಿತಿ ಹಾಕಿದ ದಿನವೇ ಎಲ್ಲರ ಕಣ್ಣು ಆ ಅಂಕಿಯ ಮೇಲೆ ಬೀಳುತ್ತದೆ. ಅದನ್ನು ದಾಟಿದವರಿಗೆಲ್ಲ, ಬರೆಯಲು ಏನಿಲ್ಲದಿದ್ದರೂ, ನಾಲ್ಕು ಸಾಲಿನ ಪುಟಗಳು ಸಾಲುಗಟ್ಟುತ್ತವೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ದೀರ್ಘಾಯುಷಿಗಳ ಲೇಖನಗಳ ಜಗಳ ವಿಕೋಪಕ್ಕೆ ಹೋಗಿ 2011ರಲ್ಲಿ, ಸಂಪಾದಕರ ಜಗಳಗಳನ್ನು ಬಗೆಹರಿಸುವ ಅಲ್ಲಿನ ಮಧ್ಯಸ್ಥಿಕೆ ಸಮಿತಿಯವರೆಗೂ ಮುಟ್ಟಿತ್ತು. ಮಿತಿಯೂ ಶಾಶ್ವತವಲ್ಲ. ಜಪಾನಿನ ಶಿಗೆಚಿಯೊ ಇಝುಮಿ 1986ರಲ್ಲಿ ತೀರಿಕೊಂಡಾಗ 120 ದಾಟಿದ್ದರು ಅಂತ ಗಿನ್ನೆಸ್ಸೇ ಒಪ್ಪಿತ್ತು, ಆಮೇಲೆ ಕೈಬಿಟ್ಟಿತು. ಗಂಡಸರಲ್ಲಿ ಈಗ ಒಪ್ಪಿತವಾದ ದಾಖಲೆ ಜಿರೊಎಮೊನ್ ಕಿಮುರಾ ಅವರದು, 116 ವರ್ಷ 54 ದಿನ. ಅಂಕಿಯನ್ನು ನಂಬಿ ನಿಯಮ ಮಾಡಿದರೆ ಅಂಕಿ ಬದಲಾದಾಗ ನಿಯಮವೂ ಕುಸಿಯುತ್ತದೆ. ಯಾರು ವಿಚಾರಿಸಿದ್ದಾರೆ, ಎಷ್ಟು ವಿವರವಾಗಿ ಬರೆದಿದ್ದಾರೆ, ಅದನ್ನು ನೋಡಿದರೆ ಸಾಕು. 105 ವರ್ಷದವರೊಬ್ಬರ ಬಗ್ಗೆ ಹಾಗೆ ಬರೆದಿದ್ದರೆ ಅವರಿಗೂ ಲೇಖನ ಇರಲಿ.

ಬೆಳದಿಂಗಳು:
ಮೇಷ್ಟ್ರ ಕೊನೆಯ ಮಾತು ಹಿಡಿಸಿತು. ಆದರೂ ಅಳಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ ಅವರ ಬಗ್ಗೆ ಇನ್ನೇನಾದರೂ ಸಿಗಬಹುದು, ಯಾರೂ ಹುಡುಕಿಲ್ಲ ಅಷ್ಟೇ. ನಾನು ಹುಡುಕುತ್ತೇನೆ. ಹುಟ್ಟುಹಬ್ಬ, ನಿಧನ ಬಿಟ್ಟು ಒಂದು ಸ್ವತಂತ್ರ ಬರಹ ಸಿಕ್ಕರೂ ಇಲ್ಲಿ ಹಾಕುತ್ತೇನೆ. ಅಲ್ಲಿಯವರೆಗೆ ಪುಟವನ್ನು ಮುಟ್ಟಬೇಡಿ.

ಸಂಪಿಗೆ_ಮರ:
ಹುಡುಕಿ ಮೇಡಂ, ನಾನೂ ಕೈಜೋಡಿಸುತ್ತೇನೆ. ಆದರೆ ಮೊಮ್ಮಕ್ಕಳ ಹೆಸರುಗಳನ್ನು ಮಾತ್ರ ಇವತ್ತೇ ತೆಗೆಯಬೇಕು. ಅವರು ಬದುಕಿದ್ದಾರೆ, ಅವರಿಗೂ ಅಜ್ಜಿಯ ಆಯುಸ್ಸಿನ ದಾಖಲೆಗೂ ಸಂಬಂಧವಿಲ್ಲ. ಅದಕ್ಕೆ ಯಾವ ತೀರ್ಮಾನಕ್ಕೂ ಕಾಯಬೇಕಿಲ್ಲ.

ಹಳೆಕಡತ:
ಹೆಸರುಗಳನ್ನು ಈಗಷ್ಟೇ ತೆಗೆದೆ. ಬೆಳದಿಂಗಳು ಅವರ ಹುಡುಕಾಟ ಮುಗಿಯುವವರೆಗೆ ಅಳಿಸುವ ಸೂಚನೆಯನ್ನು ತಡೆಹಿಡಿಯುತ್ತೇನೆ. ಏನೂ ಸಿಗದಿದ್ದರೆ, ಮೇಷ್ಟ್ರು ಜನನ ದಾಖಲೆಯ ಪರಿಶೀಲನೆ ಆಗಿದೆಯೇ ಅಂತ ನೋಡಿ ಹೇಳಲಿ. ಆಗಿದ್ದರೆ ನಡುಮನೆಯವರು ಹೇಳಿದಂತೆ ಪಟ್ಟಿಗೆ ಸೇರಿಸೋಣ, ಆಗಿಲ್ಲದಿದ್ದರೆ ಪಟ್ಟಿಗೂ ಬೇಡ.