ನಿವೃತ್ತಿಯ ನಂತರ ಗೊರಾಯಿ–ಉತ್ತನ್ ಕಡೆ ಮನೆ ಮಾಡಬಹುದೇ?

ಬೊರಿವಲಿವಾಸಿ ಕೇಳಿದ್ದಾರೆ:

ಮಾನ್ಯರೇ, ಮುಂಬಯಿಗೆ ಬಂದು ಮೂವತ್ತೆರಡು ವರ್ಷಗಳಾದವು. ಬರುವ ಮಾರ್ಚ್‌ನಲ್ಲಿ ನಿವೃತ್ತನಾಗುತ್ತಿದ್ದೇನೆ. ಕಳೆದ ಭಾನುವಾರ ಬೊರಿವಲಿಯಿಂದ ದೋಣಿಯಲ್ಲಿ ಖಾಡಿ (ಸಮುದ್ರದ ಹಿನ್ನೀರು) ದಾಟಿ ಗೊರಾಯಿಗೆ ಹೋಗಿ, ಅಲ್ಲಿಂದ ರಿಕ್ಷಾ ಹಿಡಿದು ಉತ್ತನ್‌ವರೆಗೂ ತಿರುಗಾಡಿ ಬಂದೆವು. ಹೆಂಚಿನ ಮನೆಗಳು, ಬಾವಿಕಟ್ಟೆ, ತೆಂಗಿನ ಮರ, ಅಂಗಳದಲ್ಲಿ ಕೆದಕುವ ಕೋಳಿಗಳನ್ನು ಕಂಡ ನನ್ನಾಕೆ, "ಇದು ನಮ್ಮ ಗಂಗೊಳ್ಳಿಯ ಹಾಗೆಯೇ ಇದೆಯಲ್ಲ" ಎಂದಳು. ಅಂದಿನಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ. ಮೊದಲು ಬಾಡಿಗೆಗಿದ್ದು ಆಮೇಲೆ ಕೊಳ್ಳುವ ವಿಚಾರವಿದೆ. ಅಲ್ಲಿ ವಾಸವಿದ್ದವರು ಓಡಾಟ, ಆಸ್ಪತ್ರೆ ಮತ್ತು ಮಳೆಗಾಲದ ಬಗ್ಗೆ ತಿಳಿಸಿದರೆ ಉಪಕಾರವಾಗುತ್ತದೆ.

ಕಡಲತಡಿ ಉತ್ತರಿಸಿದ್ದಾರೆ:

ರಾಯರೇ, ನಾನು ಹನ್ನೊಂದು ವರ್ಷಗಳಿಂದ ಉತ್ತನ್‌ನಲ್ಲಿದ್ದೇನೆ. ನೀವು ಕಂಡದ್ದು ಭಾನುವಾರ ಮಧ್ಯಾಹ್ನದ ಊರು. ಇಲ್ಲಿ ಮೌನ ನಿಜ, ಆದರೆ ಅದು ಮೀನುಗಾರರ ವೇಳಾಪಟ್ಟಿಯ ಮೌನ. ದೋಣಿ ದಡಕ್ಕೆ ಬಂತೆಂದರೆ ನಸುಕಿನ ಮೂರು ಗಂಟೆಗೂ ಎಂಜಿನ್ ಸದ್ದು, ಮಂಜುಗಡ್ಡೆಯ ಲಾರಿ, ಹೆಂಗಸರ ಏರುದನಿಯ ಲೆಕ್ಕಾಚಾರ ಎಲ್ಲವೂ ಕಿಟಕಿಯೊಳಗೆ ಬರುತ್ತವೆ. ಮಳೆಗಾಲ ಮುಗಿದ ಮೇಲೆ ಬೊಂಬಿಲ್ ಮೀನು ಒಣಹಾಕುವುದನ್ನು ನೀವು ನೋಡಬೇಕು. ಎರಡೆರಡು ಮೀನಿನ ಬಾಯಿಗಳನ್ನು ಒಂದರೊಳಗೊಂದು ಸಿಕ್ಕಿಸಿ, ಸಾಲುಸಾಲಾಗಿ ಕಟ್ಟಿದ ಬಿದಿರಿನ ಗಳಗಳ ಮೇಲೆ ನೇತುಹಾಕುತ್ತಾರೆ. ಹಗ್ಗವಾಗಲಿ ಮೊಳೆಯಾಗಲಿ ಬೇಕಿಲ್ಲ, ಮೀನಿನ ಹಲ್ಲೇ ಕೊಂಡಿ. ಗಾಳಿ ಮನೆಯ ಕಡೆಗೆ ತಿರುಗಿದ ದಿನ ಒಗೆದು ಹಾಕಿದ ಬಟ್ಟೆಗೂ ಅದೇ ವಾಸನೆ. ಜೂನ್ 1ರಿಂದ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ ಆ ಎರಡು ತಿಂಗಳಲ್ಲಿ ಮಾತ್ರ ಊರು ನಿಜವಾಗಿ ಸದ್ದಡಗಿರುತ್ತದೆ, ಆದರೆ ಆಗ ಮಳೆ ಮಾತನಾಡುತ್ತದೆ.

ಭಾಯಂದರ್‌ಕಾರ ಉತ್ತರಿಸಿದ್ದಾರೆ:

ಕೊಳ್ಳುವ ಮೊದಲು ಒಂದು ವಿಷಯವನ್ನು ಗಮನಿಸಿ. ನೋಡಲು ಒಂದೇ ಊರಿನಂತಿದ್ದರೂ ಗೊರಾಯಿ ಮತ್ತು ಮನೋರಿ ಮುಂಬಯಿ ಮಹಾನಗರಪಾಲಿಕೆಗೆ ಸೇರಿವೆ, ಉತ್ತನ್ ಠಾಣೆ ಜಿಲ್ಲೆಯ ಮೀರಾ–ಭಾಯಂದರ್ ಪಾಲಿಕೆಗೆ ಸೇರಿದೆ. ಕಾಗದಪತ್ರಕ್ಕೆ ಅಲೆಯಬೇಕಾದ ಕಚೇರಿಗಳೇ ಬೇರೆ. ಸಮುದ್ರ ಮತ್ತು ಖಾಡಿಯ ದಡವಾದ್ದರಿಂದ 1991ರಲ್ಲಿ ಬಂದು 2011 ಮತ್ತು 2019ರಲ್ಲಿ ಬದಲಾದ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅನ್ವಯಿಸುತ್ತವೆ. ದಲ್ಲಾಳಿ "ಎಲ್ಲ ಸರಿ ಇದೆ" ಎಂದ ಮಾತ್ರಕ್ಕೆ ಮುಂಗಡ ಕೊಡದೆ, ಸಾತ್‌ಬಾರಾ ಉತಾರೆಯನ್ನು (ನಮ್ಮ ಪಹಣಿಯಂಥ ಜಮೀನಿನ ದಾಖಲೆ) ವಕೀಲರಿಗೆ ತೋರಿಸಿ. ಬರಿಯ ಹೊಲವಾದರೆ ರೈತರಲ್ಲದವರು ಅದನ್ನು ಕೊಳ್ಳಬಹುದೇ ಎಂಬುದನ್ನೂ ವಕೀಲರನ್ನೇ ಕೇಳಿ. ಆದಿವಾಸಿಗಳ ಜಮೀನಿನ ಗೊಡವೆಗಂತೂ ಹೋಗಲೇಬೇಡಿ.

ಇನ್ನು ಶಾಂತಿ ಎಷ್ಟು ದಿನ ಉಳಿದೀತು ಎಂಬ ಪ್ರಶ್ನೆ. ರಾಯಿ, ಮುರ್ಧೆ, ಮೊರ್ವಾ ಗ್ರಾಮಗಳ ಕಡೆ ಆಗಬೇಕಿದ್ದ ಮೆಟ್ರೋ ರೈಲಿನ 9ನೇ ಮಾರ್ಗದ ಬೋಗಿಗಳನ್ನು ನಿಲ್ಲಿಸುವ ಕಾರ್‌ಶೆಡ್ ಅಲ್ಲಿನವರ ವಿರೋಧದಿಂದಾಗಿ ಉತ್ತನ್ ಪಕ್ಕದ ಡೋಂಗ್ರಿಗೆ ಸರಿಸುವ ನಿರ್ಧಾರವಾದಾಗ ಅಲ್ಲಿನ ಮರಗಳ ಬಗ್ಗೆಯೂ ಜಗಳ ನಡೆಯಿತು. ಉತ್ತನ್‌ನಲ್ಲೇ ಇರುವ ಧಾವಗಿ ಗುಡ್ಡದ ಕಸದ ರಾಶಿಯ ಬಗ್ಗೆ ಕಡಲತಡಿಯವರು ಏಕೋ ಸುಮ್ಮನಿದ್ದಾರೆ.

ಮನೋರಿಯ ಅಕ್ಕ ಉತ್ತರಿಸಿದ್ದಾರೆ:

ನಾವು ಮನೋರಿಯಲ್ಲಿ ನಾಲ್ಕು ವರ್ಷ ಇದ್ದು ಮಾಲಾಡ್‌ಗೆ ಮರಳಿದೆವು. ಹಗಲಿನಲ್ಲಿ ಖಾಡಿಯ ಎದುರು ದಡದ ಮಾರ್ವೆಗೆ ದೋಣಿಯಲ್ಲಿ ದಾಟುವುದು ಕಾಫಿ ಆರುವಷ್ಟು ಹೊತ್ತಿನ ಕೆಲಸ. ಒಂದು ರಾತ್ರಿ ಒಂದು ಗಂಟೆಗೆ ಅತ್ತೆಯವರಿಗೆ ಎದೆನೋವು ಬಂದಾಗ ದೋಣಿಯಿರಲಿಲ್ಲ. ಎದುರು ದಡದ ದೀಪಗಳು ಕಾಣುತ್ತಿದ್ದಂತೆಯೇ ನಾವು ಬೆನ್ನು ತಿರುಗಿಸಿ ಗೊರಾಯಿ, ಉತ್ತನ್, ಭಾಯಂದರ್ ಸುತ್ತಿಕೊಂಡು ಹೋಗಬೇಕಾಯಿತು. ದೇವರ ದಯೆಯಿಂದ ಅವರು ಚೇತರಿಸಿಕೊಂಡರು, ಆದರೆ ಆ ಮೇಲೆ ನನಗೆ ಅಲ್ಲಿ ನಿದ್ದೆ ಬರಲಿಲ್ಲ. ಆ ಊರನ್ನು ಊರಾಗಿ ಉಳಿಸಿದ್ದು ಅದೇ ಖಾಡಿ ಎಂಬುದನ್ನೂ ನಾನು ಒಪ್ಪುತ್ತೇನೆ. ಸೇತುವೆ ಇದ್ದಿದ್ದರೆ ಆ ತೆಂಗಿನ ತೋಟಗಳ ಜಾಗದಲ್ಲಿ ಇಷ್ಟು ಹೊತ್ತಿಗೆ ಇಪ್ಪತ್ತು ಮಾಳಿಗೆಯ ಕಟ್ಟಡಗಳಿರುತ್ತಿದ್ದವು.

ಬೊರಿವಲಿವಾಸಿ:

ಎಲ್ಲರಿಗೂ ವಂದನೆಗಳು. ಬೊಂಬಿಲ್‌ನ ವಿಚಾರವನ್ನು ನನ್ನಾಕೆಗೆ ಓದಿ ಹೇಳಿದೆ. ಗಂಗೊಳ್ಳಿಯಲ್ಲಿ ಹುಟ್ಟಿದವಳನ್ನು ಒಣಮೀನಿನಿಂದ ಹೆದರಿಸಬೇಡಿ ಎಂದು ನಕ್ಕಳು. ಅಕ್ಕನವರು ಬರೆದ ರಾತ್ರಿಯ ಸಂಗತಿಯನ್ನು ಕೇಳಿದ ಮೇಲೆ ಮಾತ್ರ ಅವಳೂ ಸುಮ್ಮನಾದಳು. ಆದ್ದರಿಂದ ದೋಣಿಯನ್ನು ನೆಚ್ಚಿಕೊಳ್ಳದೆ ಭಾಯಂದರ್ ಬಸ್ಸು ಹೋಗುವ ದಾರಿಯಲ್ಲೇ, ಮಳೆಯ ಎರಡು ತಿಂಗಳೂ ಸೇರುವಂತೆ ಹನ್ನೊಂದು ತಿಂಗಳ ಕರಾರಿಗೆ ಬಾಡಿಗೆ ಮನೆ ಹುಡುಕುತ್ತೇವೆ. ಕಡಲತಡಿಯವರೇ, ಬಿದಿರಿನ ಗಳಗಳಿಂದ ತುಸು ದೂರದಲ್ಲಿ ಯಾವುದಾದರೂ ಮನೆ ಖಾಲಿಯಿದ್ದರೆ ದಯವಿಟ್ಟು ತಿಳಿಸಿ.