ಎರಡು ಹಲ್ಲಿನ ಹಳ್ಳಿಕಾರ್ ಹೋರಿಗೆ 1.60 ಲಕ್ಷ ಕೊಡಬಹುದೇ?

ಪ್ರಶ್ನೆ (ನಾಗಮಂಗಲ ಕಡೆಯ ರೈತ): ಡಾಕ್ಟರ್ ಮೇಡಂ, ನಮಸ್ಕಾರ. ಘಾಟಿ ಸುಬ್ರಹ್ಮಣ್ಯ ಜಾತ್ರೆಯಲ್ಲಿ ಒಂದು ಹಳ್ಳಿಕಾರ್ ಹೋರಿ ಮನಸ್ಸಿಗೆ ಹಿಡಿಸಿದೆ. ಹಾಲುಹಲ್ಲು ಬಿದ್ದು ಎರಡು ಹಲ್ಲು ಹಾಕಿದೆ, ಎರಡೂವರೆ ವರ್ಷ ಎನ್ನುತ್ತಾರೆ. ಕೊಂಬು ಹೆರೆಸಿ ಎಣ್ಣೆ ಹಚ್ಚಿದ್ದಾರೆ, ಮೈ ಮಿರಮಿರನೆ ಮಿಂಚುತ್ತದೆ. 1,80,000 ಹೇಳಿದ್ದರು, ಟವೆಲಿನ ಕೆಳಗೆ ಬೆರಳು ಹಿಡಿದು ದಳ್ಳಾಳಿ 1,60,000ಕ್ಕೆ ಇಳಿಸಿದ್ದಾನೆ. ಜಾತ್ರೆ ಮುಗಿದು ಹೋರಿ ಈಗ ಮಾಲೀಕರ ಮನೆಯಲ್ಲಿದೆ. ನಮ್ಮ ಕಡೆ ಇದೇ ಹಲ್ಲಿನ ಉಳುವ ಹೋರಿ ಒಂಟಿಗೆ 75,000 ಆಸುಪಾಸು. ಸುತ್ತಲಿನ ಊರುಗಳಲ್ಲಿ 60–65 ನಾಟಿ ಹಸುಗಳಿವೆ. ಬೀಜಕ್ಕೆ ಬಿಟ್ಟು ಸಲಕ್ಕೆ 500 ತೆಗೆದುಕೊಂಡರೆ ಹಾಕಿದ ದುಡ್ಡು ಬರುತ್ತದೆಯೇ? ಹೋರಿಯಲ್ಲಿ ಏನೇನು ನೋಡಬೇಕು?

ಪಶುವೈದ್ಯೆ: ಮೊದಲು ದುಡ್ಡಿನ ಮಾತು. 65 ಹಸುಗಳೂ ವರ್ಷಕ್ಕೊಮ್ಮೆ ತಪ್ಪದೆ ನಿಮ್ಮ ಬಾಗಿಲಿಗೇ ಬಂದರೂ ಕೈಗೆ ಸಿಗುವುದು 32,500. ಹುರುಳಿ, ಬೂಸ, ಹಿಂಡಿ, ಮೇವು ಸೇರಿ ದಿನಕ್ಕೆ 200 ಹಿಡಿದರೆ ವರ್ಷಕ್ಕೆ 73,000. ಗಬ್ಬ ನಿಲ್ಲದೆ ಮತ್ತೆ ಬೆದೆಗೆ ಬಂದ ಹಸುವಿಗೆ ಎರಡನೇ ಸಲ ಯಾರೂ ದುಡ್ಡು ಕೊಡುವುದಿಲ್ಲ. ಅಸಲು ಹಾಗಿರಲಿ, ಮೇವಿನ ಖರ್ಚೇ ಹುಟ್ಟುವುದಿಲ್ಲ. ತಳಿಯ ಮೇಲಿನ ಪ್ರೀತಿಗೆ, ಸ್ವಂತ ಹಸುಗಳಿಗೆ ಎಂದಾದರೆ ಕೊಳ್ಳಿ, ನನ್ನ ತಕರಾರಿಲ್ಲ.

ಇನ್ನು ಹೋರಿ. ಎರಡು ಹಲ್ಲಿಗೆ ಎರಡೂವರೆ ವರ್ಷ ಎಂಬುದು ಹೊಂದುವ ಮಾತು. ಆದರೆ ಮಿಂಚುವ ಮೈ ನೋಡಿ ಬೆಲೆ ಕಟ್ಟಬೇಡಿ. ಜಾತ್ರೆಗೆಂದು ಬೆಣ್ಣೆ, ಮೊಟ್ಟೆ ತಿನ್ನಿಸಿ ಕೊಬ್ಬಿಸಿದ ಹೋರಿಗೆ ಬೀಜದ (ವೃಷಣದ) ಚೀಲದ ಬುಡದಲ್ಲೂ ಕೊಬ್ಬು ಸೇರುತ್ತದೆ. ಆಗ ಬೀಜಕ್ಕೆ ಶಾಖ ಹೆಚ್ಚಾಗಿ ವೀರ್ಯದ ಗುಣ ಕುಗ್ಗುತ್ತದೆ. ಮೂಗುದಾರವನ್ನು ಮಾಲೀಕರ ಕೈಗೆ ಕೊಟ್ಟು, ನೀವು ಬೀಜ ಮುಟ್ಟಿ ನೋಡಿ. ಎರಡೂ ಸಮನಾಗಿರಬೇಕು, ಚೀಲದೊಳಗೆ ಸಲೀಸಾಗಿ ಜಾರಬೇಕು, ಒತ್ತಿದರೆ ತುಸು ಬಗ್ಗಿ ಮತ್ತೆ ಮೊದಲಿನಂತಾಗಬೇಕು. ಒಂದು ಬೀಜ ಇಳಿಯದೇ ಇದ್ದರೆ ಅಲ್ಲಿಗೇ ಮಾತು ಮುಗಿಸಿ. ಆ ದೋಷ ಕರುಗಳಿಗೂ ದಾಟಬಹುದು.

ಆಮೇಲೆ ಹದವಾದ ಮಣ್ಣಿನ ಮೇಲೆ ನಡೆಸಿ. ಮುಂಗಾಲಿನ ಗುರುತಿನ ಮೇಲೆಯೇ ಹಿಂಗಾಲು ಬೀಳಬೇಕು. ಹಸುವನ್ನು ಏರುವಾಗ ಇಡೀ ಭಾರ ಹಿಂಗಾಲಿನ ಮೇಲೆ ಬೀಳುತ್ತದೆ. ಹಿಂಗಾಲು ಕಂಬದಂತೆ ನೆಟ್ಟಗಿದ್ದರೂ ಕಷ್ಟ, ತೀರಾ ಬಾಗಿದ್ದರೂ ಕಷ್ಟ. ಸೀಳುಗೊರಸಿನ ಸಂದು ಅಗಲವಾಗಿರಬಾರದು. ಹಣೆಯ ನಡುವಿನ ಗೆರೆ, ಹಿಂದಕ್ಕೆ ಸಾಗಿ ಮೇಲೇಳುವ ಕೊಂಬು, ಬಿಗಿಯಾದ ಹೊಕ್ಕುಳ ಚರ್ಮ ಇವನ್ನೆಲ್ಲ ನಿಮಗೆ ನಾನು ಹೇಳಿಕೊಡಬೇಕಿಲ್ಲ.

ಎಳೆಯ ಹೋರಿಗೆ ತನ್ನ ಕರುಗಳೆಂಬ ಸಾಕ್ಷಿ ಇರುವುದಿಲ್ಲ. ಆದ್ದರಿಂದ ಅದರ ತಾಯಿಯನ್ನು ನೋಡಿ: ಹೊತ್ತಿಗೆ ಸರಿಯಾಗಿ ಕರು ಹಾಕುತ್ತದೆಯೇ, ಕರುವಿಗೆ ಹಾಲು ಸಾಲುತ್ತದೆಯೇ ಎಂದು ವಿಚಾರಿಸಿ. ತಾಯಿಯನ್ನು ತೋರಿಸಲು ಹಿಂಜರಿದರೆ ಬೆಲೆ ತಾನಾಗಿ ಇಳಿಯಬೇಕು.

ನಾನಾದರೆ ಉಳುವ ಹೋರಿಯ 75,000ದಿಂದ ಶುರು ಮಾಡುತ್ತೇನೆ. ನಾಳೆ ಬೀಜಕ್ಕೆ ಆಗಲಿಲ್ಲವೆಂದು ಬೀಜ ಒಡೆಸಿ (ಹಿಡ ಮಾಡಿಸಿ) ಮಾರಿದರೆ ಉಳಿಯುವುದು ಅಷ್ಟೇ ತಾನೇ? ತಾಯಿ, ನಡಿಗೆ, ಬೀಜ ಮೂರೂ ಒಪ್ಪಿಗೆಯಾದರೆ ಮೇಲೆ 40,000. ಅದಕ್ಕಿಂತ ಮೇಲಿನದು ಜಾತ್ರೆಯ ಮೆರವಣಿಗೆಯ ಬೆಲೆ.

ಇನ್ನೊಬ್ಬ ರೈತ: ಮೇಡಂ, ಸುಳಿಯ (ಮೈಮೇಲಿನ ಕೂದಲಿನ ಸುತ್ತು) ಬಗ್ಗೆ ನೀವು ಮಾತೇ ಆಡಲಿಲ್ಲ. ನಮ್ಮಲ್ಲಿ ಸುಳಿ ಕೆಟ್ಟಿದ್ದರೆ ಹೋರಿಯನ್ನು ಕೊಟ್ಟಿಗೆಗೇ ಸೇರಿಸುವುದಿಲ್ಲ.

ಪಶುವೈದ್ಯೆ: ಸುಳಿಗೂ ವೀರ್ಯಕ್ಕೂ ಸಂಬಂಧವಿಲ್ಲ, ಬೆಲೆಗೆ ಮಾತ್ರ ಇದೆ. ನಂಬದವರು ಅದೇ ನೆಪದಲ್ಲಿ ಅಗ್ಗವಾಗಿ ಕೊಳ್ಳಬಹುದು. ಮಾರುವ ದಿನ ಅದೇ ನೆಪವನ್ನು ತಾವೂ ಕೇಳಬೇಕಾಗುತ್ತದೆ.

ಪ್ರಶ್ನೆ ಕೇಳಿದ ರೈತ: ಹೋರಿಗೆ ಚರ್ಮಗಂಟು ರೋಗ ಬಂದು ವಾಸಿಯಾಗಿದೆಯಂತೆ, ಒಂದು ತಿಂಗಳಾಯಿತು ಎನ್ನುತ್ತಾರೆ. ಅದರಿಂದ ತೊಂದರೆ ಇದೆಯೇ?

ಪಶುವೈದ್ಯೆ: ಇದನ್ನು ಮೊದಲೇ ಹೇಳಬೇಕಿತ್ತು! ಹೋರಿಯಲ್ಲಿ ವೀರ್ಯಾಣು ತಯಾರಾಗಲು ಸುಮಾರು 60 ದಿನ ಬೇಕು. ಜೋರು ಜ್ವರ ಬಂದು ಹೋದ ಹೋರಿಯ ವೀರ್ಯ ತಿಂಗಳುಗಟ್ಟಲೆ ಕಳಪೆಯಾಗಿರಬಹುದು. ಈ ರೋಗದ ವೈರಸ್ ವೀರ್ಯದಲ್ಲೂ ಹೊರಬೀಳುತ್ತದೆ. ಬೀಜದ ಚೀಲದ ಮೇಲೆ ಗಂಟಿನ ಕಲೆ ಇದೆಯೇ ನೋಡಿ. ಎರಡು ತಿಂಗಳು ಕಾದು, ವೀರ್ಯ ಪರೀಕ್ಷೆ ಮಾಡಿಸಿದ ಮೇಲೆಯೇ ವ್ಯಾಪಾರ.

ಜೊತೆಗೆ ಕಂದು ರೋಗಕ್ಕೆ (ಬ್ರುಸೆಲ್ಲೋಸಿಸ್) ರಕ್ತ ಪರೀಕ್ಷೆ ಕಡ್ಡಾಯವಾಗಿ ಮಾಡಿಸಿ. ಹಸುಗಳಲ್ಲಿ ಕಂದು ಹಾಕಿಸುವ ಈ ಸೋಂಕು ಮನುಷ್ಯರಿಗೂ ಅಂಟುತ್ತದೆ. ಇದರ ಲಸಿಕೆಯನ್ನು ಹೆಣ್ಣು ಕರುಗಳಿಗೆ ಮಾತ್ರ ಹಾಕುವುದರಿಂದ, ಹೋರಿಯ ರಕ್ತದಲ್ಲಿ ಕಂಡುಬಂದರೆ "ಅದು ಲಸಿಕೆಯದು" ಎಂಬ ಸಮಜಾಯಿಷಿ ನಡೆಯುವುದಿಲ್ಲ.

ಪ್ರಶ್ನೆ ಕೇಳಿದ ರೈತ: ಕಾಯಲು ಒಪ್ಪಿದ್ದಾರೆ, ಮುಂಗಡ 50,000 ಕೇಳುತ್ತಿದ್ದಾರೆ.

ಪಶುವೈದ್ಯೆ: 5,000 ಕೊಡಿ, ಸಾಕು. ಪರೀಕ್ಷೆಯಲ್ಲಿ ದೋಷ ಕಂಡರೆ ಮುಂಗಡ ವಾಪಸು ಎಂದು ಚೀಟಿ ಬರೆಸಿ, ಅದರಲ್ಲಿ ಕಿವಿಯ ಹಳದಿ ಬಿಲ್ಲೆಯ 12 ಅಂಕಿಗಳ ಸಂಖ್ಯೆಯೂ ಇರಲಿ. ಪರೀಕ್ಷೆಗೆ ರಕ್ತ ತೆಗೆಯುವಾಗ ನೀವೇ ಎದುರಿಗೆ ನಿಂತು ಆ ಸಂಖ್ಯೆಯನ್ನು ತಾಳೆ ನೋಡಿ.