ಕೈಯಲ್ಲಿಲ್ಲದ ಲ್ಯಾಪ್‌ಟಾಪ್‌ನ ತಿದ್ದುಪಡಿಯನ್ನು ಹೇಗೆ ಒಪ್ಪುವುದು?

ಪ್ರಶ್ನೆ

ಎರಡು ತಿಂಗಳಿಂದ ಒಂದು ಲಿನಕ್ಸ್ ಡಿಸ್ಟ್ರೋದ (ಲಿನಕ್ಸ್ ಆಧರಿಸಿದ ಆಪರೇಟಿಂಗ್ ಸಿಸ್ಟಮ್) ಡಾಕ್ಯುಮೆಂಟೇಷನ್ ತಂಡದಲ್ಲಿದ್ದೇನೆ. ಲ್ಯಾಪ್‌ಟಾಪ್ ಪುಟಗಳಿಗೆ ಯಾರಾದರೂ ತಿದ್ದುಪಡಿ ಕಳಿಸಿದರೆ ಅದನ್ನು ಪರಿಶೀಲಿಸಿ ಸೇರಿಸುವುದು ನನ್ನ ಕೆಲಸ. ನನ್ನ ಹತ್ತಿರ ಇರುವುದು ಒಂದೇ ಹಳೆಯ ಥಿಂಕ್‌ಪ್ಯಾಡ್. ಬರುವುದೆಲ್ಲ ನಾನು ಮುಟ್ಟಿಯೂ ನೋಡದ ಮಷಿನ್‌ಗಳ ವಿಷಯ. "ಈ ಕರ್ನಲ್ ಪ್ಯಾರಾಮೀಟರ್ ಹಾಕಿದೆ, ಸ್ಲೀಪ್ ಸರಿಹೋಯಿತು" ಎಂದು ಬರೆದಿರುತ್ತಾರೆ. (ಕರ್ನಲ್ ಪ್ಯಾರಾಮೀಟರ್ ಎಂದರೆ ಬೂಟ್ ಆಗುವಾಗ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಕೊಡುವ ಸೂಚನೆ.) ಹೇಗೆ ನಂಬಲಿ? ಅಷ್ಟು ಪ್ರೀತಿಯಿಂದ ಕಳಿಸಿದವರಿಗೆ ಬೇಡ ಅನ್ನಲೂ ಮನಸ್ಸು ಬರುವುದಿಲ್ಲ. ಈ ಕೆಲಸ ಮಾಡಿದವರು ನಿಮ್ಮ ಅನುಭವ ಹೇಳಿ.

ಉತ್ತರ

ಆ ಸ್ಲೀಪ್ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ನಾನು ಎಡವಿದ್ದೂ ಅಲ್ಲೇ. ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಸ್ಲೀಪ್ ವಿಧಾನವನ್ನು 'ಡೀಪ್'ಗೆ (ಬ್ಯಾಟರಿ ಕಡಿಮೆ ಬಳಸುವ ಆಳವಾದ ಸ್ಲೀಪ್) ಬದಲಿಸಿ ಅಂತ ಒಂದು ಸಾಲಿನ ತಿದ್ದುಪಡಿ ಬಂತು. ಭಾಷೆ ಚೆನ್ನಾಗಿತ್ತು, ಕಾರಣವೂ ಸರಿಯಿತ್ತು. ಸೇರಿಸಿಬಿಟ್ಟೆ. ಕೆಲವು ವಾರ ಕಳೆದ ಮೇಲೆ ಒಬ್ಬ ವಿದ್ಯಾರ್ಥಿ ಬರೆದರು. ಅದೇ ಹೆಸರಿನ, ಮುಂದಿನ ವರ್ಷದ ಮಾಡೆಲ್ ಅವರದು. ಮುಚ್ಚಿದ ಲ್ಯಾಪ್‌ಟಾಪ್ ತೆರೆದರೆ ಪರದೆ ಕಪ್ಪು, ಏನು ಮಾಡಿದರೂ ಏಳಲಿಲ್ಲ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಬೇಕಾಯಿತು. ಸೇವ್ ಮಾಡದ ಪ್ರಾಜೆಕ್ಟ್ ವರದಿ ಹೋಯಿತು. ಆ ಪತ್ರ ಓದಿ ನನಗೆ ತುಂಬಾ ಬೇಜಾರಾಯಿತು. ಅವರು ನಂಬಿದ್ದು ನಮ್ಮ ಪುಟವನ್ನು.

ಅದಾದ ಮೇಲೆ "ಇದು ನಿಜವೇ?" ಎಂದು ಕೇಳುವುದನ್ನು ಬಿಟ್ಟೆ. ಕೈಯಲ್ಲಿ ಮಷಿನ್ ಇಲ್ಲದೆ ಅದಕ್ಕೆ ಉತ್ತರ ಸಿಗುವುದಿಲ್ಲ. ಈಗ ಕೇಳುವುದು ಬೇರೆ: ಇದು ತನ್ನ ಮಷಿನ್‌ಗೆ ಹೊಂದುತ್ತದೋ ಇಲ್ಲವೋ ಅಂತ ಓದುಗರೇ ನೋಡಿಕೊಳ್ಳಲು ಈ ಬರಹ ದಾರಿ ಕೊಡುತ್ತದೆಯೇ?

ಸ್ಲೀಪ್ ವಿಷಯದಲ್ಲಿ ಆ ದಾರಿ ಸುಲಭ. ಸಿಸ್ ಡೈರೆಕ್ಟರಿಯ ಪವರ್ ವಿಭಾಗದಲ್ಲಿ ಮೆಮ್‌-ಸ್ಲೀಪ್ ಎಂಬ ಫೈಲ್ ಇರುತ್ತದೆ. ಓದಿದರೆ 'ಎಸ್2ಐಡಲ್' (ಹಗುರವಾದ ಸ್ಲೀಪ್), 'ಡೀಪ್' ಎಂಬ ಪದಗಳು ಕಾಣುತ್ತವೆ. ಈಗ ಬಳಕೆಯಲ್ಲಿರುವುದರ ಸುತ್ತ ಚೌಕ ಆವರಣ ಇರುತ್ತದೆ. 'ಡೀಪ್' ಪದವೇ ಇಲ್ಲದಿದ್ದರೆ ಆ ಮಷಿನ್‌ನ ಫರ್ಮ್‌ವೇರ್ (ಹಾರ್ಡ್‌ವೇರ್ ಒಳಗೇ ಇರುವ ಸಾಫ್ಟ್‌ವೇರ್, ಇಲ್ಲಿ ಬಯೋಸ್) 'ಡೀಪ್'ಗೆ ಬೇಕಾದ ಹಳೆಯ ಎಸ್3 ಸ್ಲೀಪ್ ಕೊಡುತ್ತಿಲ್ಲ ಎಂದರ್ಥ. ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳು ಹಾಗೇ ಬರುತ್ತವೆ. ಅಲ್ಲಿ ಪ್ಯಾರಾಮೀಟರ್ ಹಾಕಿ ಪ್ರಯೋಜನವಿಲ್ಲ. ಪದ ಇದ್ದರೂ ಸರಿಯಾಗಿ ಏಳುತ್ತದೆ ಎಂಬ ಖಾತ್ರಿಯಿಲ್ಲ, ಆ ವಿದ್ಯಾರ್ಥಿಗೆ ಆಗಿದ್ದು ಅದೇ. ಹಾಗಾಗಿ ಮೊದಲು ತಾತ್ಕಾಲಿಕ ವಿಧಾನ ಬರೆಯಲು ಹೇಳುತ್ತೇನೆ. ರೂಟ್ (ಅಡ್ಮಿನ್) ಆಗಿ ಆ ಫೈಲ್‌ಗೇ 'ಡೀಪ್' ಎಂದು ಬರೆದರೆ ರೀಬೂಟ್ ಆಗುವವರೆಗೆ ಮಾತ್ರ ಇರುತ್ತದೆ. ಎಲ್ಲ ಕೆಲಸ ಸೇವ್ ಮಾಡಿ, ನಾಲ್ಕೈದು ಸಲ ಮಲಗಿಸಿ ಎಬ್ಬಿಸಿ ನೋಡಿ, ಆಮೇಲೆ ಶಾಶ್ವತ ಮಾಡಿ. ಬೇರೆ ಪ್ಯಾರಾಮೀಟರ್‌ಗಳಿಗೂ ಇದೇ ಕ್ರಮ. ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ 'ಇ' ಒತ್ತಿ ಸೇರಿಸಿದರೆ ಆ ಒಂದು ಬೂಟ್‌ಗೆ ಮಾತ್ರ ಅನ್ವಯಿಸುತ್ತದೆ. ಕಾನ್ಫಿಗ್ ಫೈಲ್ ತಿದ್ದಿ ಎಂದು ನೇರವಾಗಿ ಹೇಳುವ ತಿದ್ದುಪಡಿಯನ್ನು ನಾನು ವಾಪಸ್ ಕಳಿಸಿ, ಈ ಹಂತವನ್ನು ಸೇರಿಸಲು ಕೇಳುತ್ತೇನೆ.

ಇನ್ನು ಮಾಡೆಲ್ ಹೆಸರು. "ಥಿಂಕ್‌ಪ್ಯಾಡ್ ಟಿ14 ಜೆನ್ 1" ಎಂದರೆ ಸಾಲದು. ಆ ಹೆಸರಿನಲ್ಲಿ ಇಂಟೆಲ್ ಮಷಿನ್ ಇದೆ, ಎಎಂಡಿ ಮಷಿನ್ ಕೂಡ ಇದೆ. ಮಾಡೆಲ್ ನಂಬರ್ ಇಂಟೆಲ್‌ನದು 20ಎಸ್0, 20ಎಸ್1 ಎಂದು ಶುರುವಾಗುತ್ತದೆ, ಎಎಂಡಿಯದು 20ಯುಡಿ, 20ಯುಇ. ನಿಮ್ಮ ಥಿಂಕ್‌ಪ್ಯಾಡ್ ತಿರುಗಿಸಿ ನೋಡಿ, ಕೆಳಗಿನ ಲೇಬಲ್‌ನಲ್ಲಿ ಇಂಥ ನಾಲ್ಕು ಅಕ್ಷರ ಇರುತ್ತವೆ. ಒಂದೇ ಮಾಡೆಲ್‌ನಲ್ಲಿ ವೈಫೈ ಕಾರ್ಡ್ ಕೂಡ ಬೇರೆ ಬೇರೆ ಇರಬಹುದು. ಅದಕ್ಕೇ ಪಿಸಿಐ ಐಡಿ (ಒಳಗಿನ ಕಾರ್ಡ್ ಯಾವುದೆಂದು ಗುರುತಿಸುವ ಸಂಖ್ಯೆ) ಕೇಳಿ. ಆರ್ಚ್ ಲಿನಕ್ಸ್‌ನ ವಿಕಿಯಾದ ಆರ್ಚ್‌ವಿಕಿಯ ಲ್ಯಾಪ್‌ಟಾಪ್ ಪುಟಗಳ ಮೇಲ್ಭಾಗದಲ್ಲಿ ಹಾರ್ಡ್‌ವೇರ್, ಅದರ ಐಡಿ, ಕೆಲಸ ಮಾಡುತ್ತದೆಯೇ ಎಂಬ ಕೋಷ್ಟಕ ಇರುತ್ತದೆ. ನನಗೆ ಅದು ತುಂಬಾ ಇಷ್ಟ. ಒಂದು ಸಾಲಿನಲ್ಲಿ ಅರ್ಧ ಜಗಳ ಮುಗಿಯುತ್ತದೆ.

ಇಷ್ಟರ ಜೊತೆಗೆ ಕರ್ನಲ್ ಆವೃತ್ತಿ, ಬಯೋಸ್ ಆವೃತ್ತಿ, ಪರೀಕ್ಷಿಸಿದ ತಿಂಗಳು. ಇವಿಲ್ಲದಿದ್ದರೆ ಎರಡು ವರ್ಷ ಬಿಟ್ಟು ಓದುವವರಿಗೆ ಆ ಸಾಲಿನಿಂದ ಉಪಯೋಗವಿಲ್ಲ.

ಇನ್ನೊಬ್ಬರು

ಮೇಲಿನವರ ಮಾತು ಒಪ್ಪುತ್ತೇನೆ. ಆದರೆ ಎಲ್ಲದಕ್ಕೂ ಅಷ್ಟು ಸಾಕ್ಷಿ ಕೇಳಿದರೆ ಜನ ಕಳಿಸುವುದನ್ನೇ ನಿಲ್ಲಿಸುತ್ತಾರೆ. ನಾನು ನೋಡುವುದು, ಇದು ತಪ್ಪಾದರೆ ಏನು ಹಾಳಾಗುತ್ತದೆ ಅಂತ. ಟಚ್‌ಪ್ಯಾಡ್ ಸೆಟ್ಟಿಂಗ್ ತಪ್ಪಾದರೆ ತೆಗೆದರಾಯಿತು. ಒಬ್ಬರು ಹೇಳಿದರೆ ಸಾಕು, ಸೇರಿಸುತ್ತೇನೆ. (ಅದು ಎಕ್ಸಾರ್ಗ್‌ಗೋ ವೇಲ್ಯಾಂಡ್‌ಗೋ ಅಂತ ಮಾತ್ರ ಕೇಳಿ. ಪರದೆಯಲ್ಲಿ ಕಿಟಕಿಗಳನ್ನು ತೋರಿಸುವ ಎರಡು ಬೇರೆ ವ್ಯವಸ್ಥೆಗಳು ಅವು. ಎಕ್ಸಾರ್ಗ್ ಕಾನ್ಫಿಗ್ ಫೈಲ್ ವೇಲ್ಯಾಂಡ್‌ನಲ್ಲಿ ಕೆಲಸ ಮಾಡುವುದಿಲ್ಲ.)

ಫರ್ಮ್‌ವೇರ್ ಮುಟ್ಟುವ ಮಾತು ಬಂದರೆ ಮಾತ್ರ ನಾನು ಬಗ್ಗುವುದಿಲ್ಲ. ಒಂದು ಕಮಾಂಡ್‌ನಿಂದ ಲ್ಯಾಪ್‌ಟಾಪ್ ಸತ್ತೇ ಹೋಗಬಹುದು ಎನ್ನುವುದು ಉತ್ಪ್ರೇಕ್ಷೆ ಅಲ್ಲ. 2016ರಲ್ಲಿ ಇಎಫ್‌ಐ ವೇರಿಯಬಲ್‌ಗಳನ್ನು (ಫರ್ಮ್‌ವೇರ್ ಉಳಿಸಿಕೊಳ್ಳುವ ಸೆಟ್ಟಿಂಗ್‌ಗಳು) ಅಳಿಸಿದ್ದರಿಂದ ಲ್ಯಾಪ್‌ಟಾಪ್ ಬೂಟ್ ಆಗದೇ ಹೋದ ವಿಷಯ ದೊಡ್ಡ ಚರ್ಚೆಯಾಯಿತು. ಆಮೇಲೆ ಆ ವೇರಿಯಬಲ್‌ಗಳಲ್ಲಿ ಹೆಚ್ಚಿನವನ್ನು ಸುಮ್ನೆ ಅಳಿಸಲಾಗದಂತೆ ಕರ್ನಲ್ ಬೀಗ ಹಾಕಿತು. ಉಬುಂಟು 17.10 ಅನ್ನು 2017ರ ಡಿಸೆಂಬರ್‌ನಲ್ಲಿ ಡೌನ್‌ಲೋಡ್ ಪುಟದಿಂದ ತೆಗೆದಿದ್ದೂ ಹೀಗೇ. ಬಯೋಸ್ ಚಿಪ್ ಜೊತೆ ಮಾತಾಡುವ ಇಂಟೆಲ್ ಎಸ್‌ಪಿಐ ಡ್ರೈವರ್‌ನಿಂದ ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್ ಕೆಡುತ್ತಿತ್ತು. ಹಾಗಾಗಿ "ಚಾಟ್ಟರ್ ಕಮಾಂಡ್‌ನಿಂದ ಆ ಬೀಗ ತೆಗೆದು ಇದನ್ನು ಅಳಿಸಿ" ಎಂಬ ಸಾಲು ಕಂಡರೆ ಅಲ್ಲೇ ನಿಲ್ಲಿಸಿ. ಅದೇ ಮಷಿನ್ ಇರುವ ಇನ್ನೊಬ್ಬರು ಸಿಗುವವರೆಗೆ ಸೇರಿಸಬೇಡಿ.

ಮತ್ತೊಂದು, ಸಾಮಾನ್ಯವಾಗಿ ಯಾರೂ ಗಮನಿಸದ ವಿಷಯ. ಸಾಕ್ಷಿ ಕೇಳಿದರೆ ಜನ ಇಡೀ ಲಾಗ್ ಅಂಟಿಸುತ್ತಾರೆ. ಹಾರ್ಡ್‌ವೇರ್ ವಿವರ ತೋರಿಸುವ ಡಿಎಂಐಡಿಕೋಡ್ ಕಮಾಂಡ್‌ನ ಔಟ್‌ಪುಟ್‌ನಲ್ಲಿ ಸೀರಿಯಲ್ ನಂಬರ್ ಇರುತ್ತದೆ, ನೆಟ್‌ವರ್ಕ್ ಲಾಗ್‌ನಲ್ಲಿ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡ್‌ನ ಗುರುತು). ಇವು ಖಾಸಗಿ ವಿವರ. ಬದಲಾವಣೆಗಳ ಇತಿಹಾಸ ಇಡುವ ಗಿಟ್‌ನಲ್ಲಿ ಒಮ್ಮೆ ಸೇರಿದರೆ ಆಮೇಲೆ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ (ಆಗ ದಾಖಲಾದ ಬದಲಾವಣೆಯಲ್ಲಿ) ಉಳಿಯುತ್ತದೆ. ಸೇರಿಸುವ ಮೊದಲೇ ಹೇಳಿ ತೆಗೆಸಿ. ಮಾಡೆಲ್ ಹೆಸರು ಸಾಕಾದರೆ ಸಿಸ್ ಡೈರೆಕ್ಟರಿಯಲ್ಲೇ ಡಿಎಂಐ ವಿಭಾಗದ ಪ್ರಾಡಕ್ಟ್-ನೇಮ್ ಫೈಲ್ ಓದಲು ಹೇಳಿ. ಅದಕ್ಕೆ ರೂಟ್ ಕೂಡ ಬೇಕಿಲ್ಲ.

ಕೇಳಿದವರು ಮತ್ತೆ

ತುಂಬಾ ಉಪಯೋಗವಾಯಿತು. ಇನ್ನೆರಡು ಸಂದೇಹ ಇದೆ. ಪ್ರಶ್ನೆ ಕೇಳಿದರೆ ಕೆಲವರು ಉತ್ತರವನ್ನೇ ಕೊಡುವುದಿಲ್ಲ. ಆಗ ಏನು ಮಾಡುವುದು? ಹಳೆಯ ಸಾಲು ಅಳಿಸಿ ಎಂಬ ತಿದ್ದುಪಡಿಗಳೂ ಜಾಸ್ತಿ ಬರುತ್ತವೆ, ಅವನ್ನು ಹೇಗೆ ನೋಡುತ್ತೀರಿ?

ಮೊದಲ ಉತ್ತರ ಕೊಟ್ಟವರು

ಒಂದೇ ಸಲ ಹತ್ತು ಪ್ರಶ್ನೆ ಕೇಳಿದ್ದೀರಾ ನೋಡಿ. ನಾನು ಹಾಗೆ ಮಾಡುತ್ತಿದ್ದೆ, ಅರ್ಧಕ್ಕರ್ಧ ಜನ ಮತ್ತೆ ಬರುತ್ತಿರಲಿಲ್ಲ. ಈಗ ಕಾಗುಣಿತ, ಫಾರ್ಮ್ಯಾಟಿಂಗ್ ಎಲ್ಲ ನಾನೇ ಸರಿಮಾಡಿಕೊಂಡು, ಅವರ ಮಷಿನ್‌ನಿಂದ ಮಾತ್ರ ಸಿಗುವ ಒಂದೆರಡು ವಿಷಯ ಕೇಳುತ್ತೇನೆ. ಓಡಿಸಬೇಕಾದ ಕಮಾಂಡ್ ಕೂಡ ಜೊತೆಗೇ ಕೊಡುತ್ತೇನೆ. ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಅಪಾಯವಿಲ್ಲದ ಭಾಗವನ್ನು "ಒಂದು ಮಷಿನ್‌ನಲ್ಲಿ ಮಾತ್ರ ನೋಡಿದ್ದು" ಎಂಬ ಟಿಪ್ಪಣಿಯೊಂದಿಗೆ ಸೇರಿಸಿ, ಅವರ ಹೆಸರಿನಲ್ಲೇ ಕಮಿಟ್ ಮಾಡುತ್ತೇನೆ. ಆ ಹೆಸರು ಬಿಡಬೇಡಿ. ತಮ್ಮ ಹೆಸರು ನೋಡಿ ವರ್ಷದ ನಂತರ ವಾಪಸ್ ಬಂದವರಿದ್ದಾರೆ.

ಅಳಿಸುವ ವಿಷಯದಲ್ಲಿ, ಯಾವ ಆವೃತ್ತಿಯಿಂದ ಆ ಸಾಲು ಬೇಡವಾಯಿತು ಅಂತ ಕೇಳಿ. ಡೆಬಿಯನ್ ಎಂಬ ಡಿಸ್ಟ್ರೋದ ಹಳೆಯ ಪುಟಗಳಲ್ಲಿ "ವೈಫೈ ಫರ್ಮ್‌ವೇರ್ ಬೇರೆ ಪೆನ್‌ಡ್ರೈವ್‌ನಲ್ಲಿ ಹಾಕಿಕೊಳ್ಳಿ" ಎಂದಿರುತ್ತಿತ್ತು. 2022ರಲ್ಲಿ ಅವರು ಮತ ಹಾಕಿ ನಿಯಮ ಬದಲಿಸಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್ ಇನ್‌ಸ್ಟಾಲರ್‌ನಲ್ಲೇ ಇದೆ. ಇಷ್ಟು ಸ್ಪಷ್ಟವಾಗಿದ್ದರೆ ಧೈರ್ಯವಾಗಿ ಅಳಿಸಿ. "ನನಗೆ ಬೇಕಾಗಲಿಲ್ಲ" ಎಂಬುದಷ್ಟೇ ಕಾರಣವಾದರೆ ಸಾಲು ಉಳಿಸಿ, ಯಾರ ಮಷಿನ್‌ಗೆ ಬೇಡ ಎಂಬುದನ್ನು ಪಕ್ಕದಲ್ಲಿ ಬರೆಯಿರಿ.

ನಿಮ್ಮ ಥಿಂಕ್‌ಪ್ಯಾಡ್‌ನ ಪುಟ ಇದೆಯಾ? ಇದ್ದರೆ ಈ ವಾರ ಅದನ್ನೇ ಮೊದಲಿಂದ ಕೊನೆವರೆಗೆ ಪರೀಕ್ಷಿಸಿ ಒಂದು ತಿದ್ದುಪಡಿ ಕಳಿಸಿ, ನಾನು ನೋಡುತ್ತೇನೆ.